ವೃದ್ಧರು ಮಾತಿನ ದೌರ್ಜನ್ಯವನ್ನು ದೌರ್ಜನ್ಯವೆಂದು ಏಕೆ ಹೇಳಿಕೊಳ್ಳುವುದಿಲ್ಲ?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, 60 ದಾಟಿದವರಲ್ಲಿ ಸುಮಾರು 6 ಮಂದಿಗೆ ಒಬ್ಬರು ವರ್ಷವೊಂದರಲ್ಲಿ ಯಾವುದಾದರೊಂದು ಬಗೆಯ ದೌರ್ಜನ್ಯಕ್ಕೆ ಒಳಗಾಗುತ್ತಾರೆ. ಅವುಗಳಲ್ಲಿ ಮಾತಿನ ಹಿಂಸೆಯನ್ನು ಒಳಗೊಂಡ ಮಾನಸಿಕ ದೌರ್ಜನ್ಯವೇ ಹೆಚ್ಚು. ಆದರೂ ವಿಚಾರಿಸಿದರೆ ‘ಅವನಿಗೂ ಒತ್ತಡವಿದೆ, ಏನೋ ಅಂದುಬಿಟ್ಟ’ ಎಂಬ ಉತ್ತರವೇ ಬರುತ್ತದೆ, ಏಕೆಂದರೆ ಬೈದವರು ಬಹುಪಾಲು ತಾವೇ ಸಾಕಿದ ಮಕ್ಕಳು ಅಥವಾ ಊಟ, ಔಷಧಗಳಿಗೆ ತಾವು ನೆಚ್ಚಿಕೊಂಡವರು. ನನ್ನ ಗ್ರಹಿಕೆಯಲ್ಲಿ ಅವರನ್ನು ನೋಯಿಸುವುದು ಬೈಗುಳಕ್ಕಿಂತ ತಾತ್ಸಾರ: ಕಿವಿ ಮಂದವಾದವರು ಮಾತ್ರೆಯ ವೇಳೆಯನ್ನು ಎರಡನೇ ಸಲ ಕೇಳಿದಾಗ ‘ಎಷ್ಟು ಸಲ ಬಡಿದುಕೊಳ್ಳಬೇಕು’ ಎಂಬ ಮಾತು ಬಂದರೆ, ಮುಂದಿನ ಸಲ ಅವರು ಕೇಳಿಸಿದಂತೆ ತಲೆಯಾಡಿಸಿ, ಅಂದಾಜಿನ ಮೇಲೆ ಮಾತ್ರೆ ನುಂಗುತ್ತಾರೆ. (ಅದನ್ನೇ ಮನೆಯವರು ಮರೆವು ಎನ್ನುತ್ತಾರೆ.) ತಮ್ಮ ಎದುರಿಗೇ, ತಾವು ಇಲ್ಲವೆಂಬಂತೆ ಆಡುವ ಮಾತನ್ನಂತೂ ಅವರು ದೂರೆಂದು ಹೇಳಲೂ ನಾಚುತ್ತಾರೆ.