ಸಿ ಭಾಷೆ ಅಷ್ಟಾಗಿ ಬಾರದವರು ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಮೊದಲ ಕೊಡುಗೆ ನೀಡುವುದು ಹೇಗೆ?

ಬೆಂಗಳೂರಿನಲ್ಲಿ ಜಾವಾ ಕೆಲಸದಲ್ಲಿರುವ ನೀವು, ಸಿ ಭಾಷೆಯನ್ನು ಕಾಲೇಜು ಮುಗಿದ ಮೇಲೆ ಮುಟ್ಟಿಲ್ಲವಾದರೂ, ಸಿ ಭಾಷೆಯಲ್ಲೇ ಬರೆದಿರುವ ಮುಕ್ತ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಏನಾದರೂ ಮಾಡಬೇಕೆಂಬ ಆಸೆಯಿದೆ, ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಸ್ವಂತ ಪ್ಯಾಚ್ (ಕೋಡಿಗೆ ಸೂಚಿಸುವ ಬದಲಾವಣೆ) ಬರೆಯುವ ಯೋಚನೆಯನ್ನು ಸದ್ಯಕ್ಕೆ ಬದಿಗಿಟ್ಟು, ಬೇರೆಯವರು ಕಳುಹಿಸಿರುವ ಪ್ಯಾಚೊಂದನ್ನು ಪರೀಕ್ಷಿಸಿ ಅದರ ವರದಿ ಬರೆಯಿರಿ ಎಂಬುದು ನನ್ನ ಸಲಹೆ. ನಾನು ಮೊದಲು ಮಾಡಿದ್ದೂ ಅದನ್ನೇ.

ಇದು ಕೆಳದರ್ಜೆಯ ಕೆಲಸವೇನಲ್ಲ. ಅಲ್ಲಿ ಪ್ಯಾಚ್ ಬರೆಯುವವರಿಗಿಂತ ಅದನ್ನು ಕೂಲಂಕಷವಾಗಿ ನೋಡುವವರ ಕೊರತೆಯೇ ಹೆಚ್ಚು. ಪ್ಯಾಚ್ ಕಳುಹಿಸಿದವರು ಅಷ್ಟೇ ತೂಕದ ಇನ್ನೊಬ್ಬರ ಪ್ಯಾಚನ್ನು ಪರಿಶೀಲಿಸಬೇಕೆಂಬ ನಿರೀಕ್ಷೆಯೂ ಇದೆ. ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿರುವುದು ಕೋಡಿನ ಪ್ರತಿ ಮಾತ್ರ, ಅಲ್ಲಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಹಾಕಿದರೆ ಪ್ರಯೋಜನವಿಲ್ಲ. ಪ್ಯಾಚ್‌ಗಳು ಇ-ಮೇಲ್‌ನಲ್ಲಿ ಬರುತ್ತವೆ. ಜುಲೈನಿಂದ ಮಾರ್ಚ್‌ವರೆಗೆ ತಿಂಗಳು ಬಿಟ್ಟು ತಿಂಗಳು ನಡೆಯುವ ‘ಕಮಿಟ್‌ಫೆಸ್ಟ್’ ಸುತ್ತುಗಳಲ್ಲಿ ಅವುಗಳ ಪರಿಶೀಲನೆಯಾಗುತ್ತದೆ.

ಕೋಡನ್ನು ನಿಮ್ಮ ಕಂಪ್ಯೂಟರ್‌ಗೆ ಕ್ಲೋನ್ ಮಾಡಿ, ಕಾನ್ಫಿಗರ್ ಮಾಡುವಾಗ ಅಸರ್ಟ್‌ಗಳನ್ನು (ಕೋಡಿನೊಳಗಿನ ತಪಾಸಣೆಗಳನ್ನು) ಆನ್ ಮಾಡಿಕೊಂಡು ಬಿಲ್ಡ್ ಮಾಡಿ. ‘ಮೇಕ್ ಚೆಕ್’ ಎಂಬ ಟೆಸ್ಟ್ ಕಮಾಂಡನ್ನು ಪ್ಯಾಚ್ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಓಡಿಸಿದರೆ, ನಿರೀಕ್ಷಿತ ಫಲಿತಾಂಶಕ್ಕೂ ಬಂದ ಫಲಿತಾಂಶಕ್ಕೂ ಇರುವ ವ್ಯತ್ಯಾಸ ‘ರಿಗ್ರೆಶನ್ ಡಾಟ್ ಡಿಫ್ಸ್’ ಎಂಬ ಫೈಲಿನಲ್ಲಿ ಸಾಲುಸಾಲಾಗಿ ಸಿಗುತ್ತದೆ. ಆದರೆ ಇಷ್ಟನ್ನು ಯಂತ್ರವೂ ಮಾಡುತ್ತದೆ. ಪ್ಯಾಚ್ ಅಪ್ಲೈ ಆಗಲಿಲ್ಲ, ಟೆಸ್ಟ್ ಬಿತ್ತು ಎಂಬ ಸುದ್ದಿ ನಿಮಗಿಂತ ಮೊದಲೇ ಪ್ಯಾಚ್ ಬರೆದವರಿಗೆ ಮುಟ್ಟಿರುತ್ತದೆ. ನಿಮ್ಮಿಂದ ಬೇಕಾದದ್ದು ಮನುಷ್ಯನ ಕಣ್ಣು: ಡಾಕ್ಯುಮೆಂಟೇಶನ್ ಹೇಳುವಂತೆ ಪ್ಯಾಚ್ ನಡೆದುಕೊಳ್ಳುತ್ತದೆಯೇ, ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಕೊಟ್ಟರೆ ಏನಾಗುತ್ತದೆ, ಟೇಬಲ್ ಖಾಲಿಯಿದ್ದರೆ ಏನು, ತಪ್ಪು ಇನ್‌ಪುಟ್‌ಗೆ ಬರುವ ಎರರ್ ಸಂದೇಶ ಬಳಸುವವರಿಗೆ ಅರ್ಥವಾಗುವಂತಿದೆಯೇ. ಇವನ್ನು ನೋಡಲು ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯೂಎಲ್ ಚೆನ್ನಾಗಿ ಬಂದರೆ ಸಾಕು.

ಪಠ್ಯಕ್ಕೆ ಸಂಬಂಧಿಸಿದ ಪ್ಯಾಚ್ ಸಿಕ್ಕರೆ ಕನ್ನಡದ ಡೇಟಾವನ್ನೇ ಹಾಕಿ ನೋಡಿ. ಯುಟಿಎಫ್-8 (ಯೂನಿಕೋಡ್ ಪಠ್ಯವನ್ನು ಬೈಟ್‌ಗಳಲ್ಲಿ ಉಳಿಸುವ ವಿಧಾನ) ಡೇಟಾಬೇಸ್‌ನಲ್ಲಿ ‘ಕ್ಷಿ’ ಎಂಬ ಒಂದು ಅಕ್ಷರದ ಉದ್ದವನ್ನು ‘ಲೆಂತ್’ ಫಂಕ್ಷನ್ 4 ಎನ್ನುತ್ತದೆ, ಬೈಟ್‌ಗಳಲ್ಲಿ ಎಣಿಸಿದರೆ 12. (ಇದನ್ನೇ ಬಗ್ ಎಂದು ವರದಿ ಮಾಡಬೇಡಿ, ಅದು ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ನಮ್ಮ ಅಕ್ಷರಗಳನ್ನಲ್ಲ.) ಒಂದು ಅಕ್ಷರಕ್ಕೆ ಒಂದೇ ಬೈಟ್ ಎಂದು ಯಾರಾದರೂ ಅಂದುಕೊಂಡು ಬರೆದಿದ್ದರೆ ಅದು ಇಲ್ಲಿಯೇ ಸಿಕ್ಕಿಬೀಳುತ್ತದೆ.

ವರದಿಯಲ್ಲಿ ಕೋಡಿನ ಯಾವ ಕಮಿಟ್‌ನ (ದಾಖಲಾದ ಹಂತದ) ಮೇಲೆ, ಪ್ಯಾಚಿನ ಎಷ್ಟನೇ ಆವೃತ್ತಿಯನ್ನು, ಯಾವ ಎಸ್‌ಕ್ಯೂಎಲ್‌ನಿಂದ ಪರೀಕ್ಷಿಸಿದಿರಿ ಎಂಬುದನ್ನು ತಪ್ಪದೆ ಬರೆಯಿರಿ. ಅರ್ಥವಾಗದ ಸಿ ಭಾಗವನ್ನು ಓದಿಲ್ಲವೆಂದು ನೇರವಾಗಿ ಹೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಪ್ಯಾಚ್ ಸೇರ್ಪಡೆಯಾದಾಗ ಪರಿಶೀಲಿಸಿದವರ ಹೆಸರನ್ನು ಕಮಿಟ್ ಸಂದೇಶದಲ್ಲಿ ನಮೂದಿಸುವ ವಾಡಿಕೆಯಿದೆ.

ಮುಂದೆ ಸ್ವಂತ ಕೋಡ್ ಕಳುಹಿಸುವ ಮುನ್ನ ನಿಮ್ಮ ನೇಮಕಾತಿ ಪತ್ರವನ್ನೊಮ್ಮೆ ತೆಗೆದು ಓದಿ. ನೌಕರ ಬರೆದದ್ದೆಲ್ಲ ಕಂಪನಿಯ ಸ್ವತ್ತು ಎಂಬ ಷರತ್ತು ನಮ್ಮೂರಿನ ಐಟಿ ಕಂಪನಿಗಳಲ್ಲಿ ಅಪರೂಪವಲ್ಲ. ಹಾಗಿದ್ದರೆ ಮ್ಯಾನೇಜರ್ ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು, ಅನುಮತಿಯನ್ನು ಲಿಖಿತವಾಗಿಯೇ ಪಡೆಯಿರಿ.