ಮೊದಲ ಅಧ್ಯಾಯದ ಫನಾನ್

ಗೋವಾದ ವಾಸ್ಕೋದ ಓದುಗರೊಬ್ಬರ ಪತ್ರ: “ಮಗಳ ಕಾಲೇಜಿನಲ್ಲಿ ಪ್ರತಿಭಟನೆಗಳ ಬಗ್ಗೆ ಚರ್ಚಾಸ್ಪರ್ಧೆ ಇತ್ತು. ಒಬ್ಬ ಹುಡುಗ ಫನಾನ್ ಹೆಸರು ಹೇಳಿ, ಗುಲಾಮರಿಗೆ ಹಿಂಸೆಯೇ ಔಷಧ ಎಂದನಂತೆ. ಚಪ್ಪಾಳೆಯೋ ಚಪ್ಪಾಳೆ. ಗಾಂಧೀಜಿ ಇರುವಾಗ ಆ ಹೊರದೇಶದ ಡಾಕ್ಟರ್ ನಮಗೆ ಯಾಕೆ?”

ಹಿಂಸೆಯ ಮಾತಿಗೆ ಮಕ್ಕಳು ಚಪ್ಪಾಳೆ ತಟ್ಟಿದರೆ ಯಾವ ತಂದೆಗಾದರೂ ದಿಗಿಲಾಗುತ್ತದೆ, ಒಪ್ಪಿದೆ. ಆದರೆ ಸ್ವಾಮಿ, ಬೇಜಾರು ಮಾಡ್ಕೋಬೇಡಿ, ನೀವೂ ಆ ಹುಡುಗನಷ್ಟೇ ಓದಿದ ಹಾಗೆ ಕಾಣುತ್ತದೆ.

ಫ್ರಾಂಜ್ ಫನಾನ್ ಮಾರ್ಟಿನಿಕ್ ದ್ವೀಪದವನು. ಅಲ್ಜೀರಿಯಾದ ಬ್ಲಿಡಾ ಆಸ್ಪತ್ರೆಯಲ್ಲಿ ಮನೋವೈದ್ಯನಾಗಿದ್ದ. 1961ರಲ್ಲಿ ಬಂದ ಆತನ ಪುಸ್ತಕ ‘ದಿ ರೆಚೆಡ್ ಆಫ್ ದಿ ಅರ್ತ್’ನ ಮೊದಲ ಅಧ್ಯಾಯ ಹಿಂಸೆಯ ಬಗ್ಗೆ. ಬಿಸಿ ಬಿಸಿ ಬರಹ. ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ ಬರೆದ ಮುನ್ನುಡಿ ಅದಕ್ಕಿಂತ ಬಿಸಿ. ಹೊಗಳುವವರು, ಬೈಯುವವರು ಇಬ್ಬರೂ ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಕೊನೆಯ ಅಧ್ಯಾಯ ಓದಿ ನೋಡಿ. ಅಲ್ಲಿರುವುದು ಆತನ ರೋಗಿಗಳು. ಕೈದಿಗಳಿಗೆ ಚಿತ್ರಹಿಂಸೆ ಕೊಟ್ಟೂ ಕೊಟ್ಟೂ ಕೊನೆಗೆ ಮನೆಯಲ್ಲಿ ಹೆಂಡತಿ ಮಕ್ಕಳಿಗೂ ಹೊಡೆಯತೊಡಗಿದ ಪೊಲೀಸ್ ಅಧಿಕಾರಿ. ಜೊತೆಗೆ ಆಡುತ್ತಿದ್ದ ಯುರೋಪಿಯನ್ ಗೆಳೆಯನನ್ನೇ ಕೊಂದ 13, 14 ವರ್ಷದ ಇಬ್ಬರು ಅಲ್ಜೀರಿಯನ್ ಹುಡುಗರು. ಔಷಧದ ಅಡ್ಡಪರಿಣಾಮವನ್ನೂ ಡಾಕ್ಟರ್ ಬರೆದಿಟ್ಟಿದ್ದಾನೆ. ‘ಎಷ್ಟನೇ ಅಧ್ಯಾಯ ಮರಿ?’ ಅಂತ ತೀರ್ಪುಗಾರರು ಒಂದು ಮಾತು ಕೇಳಬಹುದಿತ್ತು, ಅಲ್ವಾ?

ನನಗೆ ಜಾಸ್ತಿ ಪ್ರೀತಿ ಮೂರನೇ ಅಧ್ಯಾಯದ ಮೇಲೆ. ಬಿಳಿಯ ಎದ್ದು ಹೋದ ಕುರ್ಚಿಯಲ್ಲಿ ನಮ್ಮವನು ಕೂತು ಅವನ ಹಾಗೇ ಆಳುತ್ತಾನೆ ಎಂಬ ಎಚ್ಚರಿಕೆ ಅಲ್ಲಿದೆ. ನಿಮ್ಮ ಗಾಂಧೀಜಿ 1909ರಲ್ಲೇ ‘ಹಿಂದ್ ಸ್ವರಾಜ್’ನಲ್ಲಿ ಏನು ಹೇಳಿದ್ದರು? ಇಂಗ್ಲಿಷರು ಬೇಡ, ಅವರ ಆಳ್ವಿಕೆ ಮಾತ್ರ ಬೇಕು; ಹುಲಿ ಬೇಡ, ಹುಲಿಯ ಗುಣ ಮಾತ್ರ ಬೇಕು ಅಂತೀರಲ್ಲ ಎಂದು ಗದರಿದ್ದರು. ಹಿಂಸೆಯ ವಿಷಯದಲ್ಲಿ ಇಬ್ಬರದೂ ಬೇರೆ ಬೇರೆ ದಾರಿ. ಇಲ್ಲಿ ಮಾತ್ರ ಒಂದೇ ಮಾತು. ಚರ್ಚಾಸ್ಪರ್ಧೆಗಳಲ್ಲಿ ಇವರಿಬ್ಬರನ್ನು ಕೋಳಿಗಳ ಹಾಗೆ ಕಾದಾಡಲು ಬಿಡುತ್ತಾರೆ, ಈ ಮಾತನ್ನು ಯಾರೂ ಎತ್ತುವುದಿಲ್ಲ.

ಕುರ್ಚಿಯಲ್ಲಿ ಕೂತವರು ಬದಲಾದರೂ ಕಾನೂನು ಹೇಗೆ ಉಳಿಯಿತು ಎಂಬುದಕ್ಕೆ ನಮ್ಮ ಮುಂಬೈಯನ್ನೇ ನೋಡಿ. 1908ರಲ್ಲಿ ಇಲ್ಲಿನ ಹೈಕೋರ್ಟಿನಲ್ಲಿ ತಿಲಕರಿಗೆ ರಾಜದ್ರೋಹಕ್ಕೆ 6 ವರ್ಷ ಶಿಕ್ಷೆಯಾಯಿತು. ಬ್ರಿಟಿಷರು 1870ರಲ್ಲಿ ಸೇರಿಸಿದ ಆ ಸೆಕ್ಷನ್ 2024ರವರೆಗೂ ನಮ್ಮ ಕಾನೂನು ಪುಸ್ತಕದಲ್ಲಿತ್ತು. ಜನ ಗುಂಪು ಸೇರದಂತೆ ತಡೆಯುವ ಸೆಕ್ಷನ್ 144 ಈಗ 163 ಎಂಬ ಹೊಸ ನಂಬರಿನಲ್ಲಿ ಸುಖವಾಗಿದೆ. ನಾಲ್ಕು ಜನ ಫಲಕ ಹಿಡಿದು ನಿಲ್ಲಬೇಕೆಂದರೆ ಆಜಾದ್ ಮೈದಾನಕ್ಕೆ ಹೋಗಿ ಅಂತಾರೆ. ಅದಕ್ಕೂ ಅರ್ಜಿ ಕೊಡಬೇಕು.

ನೀವಿರುವುದು ಗೋವಾದಲ್ಲಿ. ಅದು ಪೋರ್ಚುಗೀಸರ ಕೈಯಲ್ಲಿದ್ದಾಗ, 1946ರ ಜೂನ್ 18ರಂದು, ಸಮಾಜವಾದಿ ನಾಯಕ ಲೋಹಿಯಾ ಮಡಗಾಂವಿನಲ್ಲಿ ಸಭೆ ಮಾಡಿದ್ದೇ ಅಪರಾಧವಾಗಿತ್ತು. ಮಗಳನ್ನು ಒಮ್ಮೆ ಆ ಮೈದಾನಕ್ಕೆ ಕರೆದುಕೊಂಡು ಹೋಗಿ. ಪ್ಯಾಲೆಸ್ತೀನ್ ಬಗ್ಗೆ ಹುಡುಗರು ಮಾತಾಡಲಿ, ಮಾತಾಡಲೇಬೇಕು. ಆದರೆ ನಿಮ್ಮ ಊರಿನದೇ ಬೈನಾದಲ್ಲಿ ಉತ್ತರ ಕರ್ನಾಟಕದ ಕೂಲಿಕಾರರ ಮನೆಗಳನ್ನು ಕೆಡವಿದಾಗ, ಆ ಬಗ್ಗೆ ಯಾವ ಕಾಲೇಜಿನಲ್ಲಾದರೂ ಚರ್ಚಾಸ್ಪರ್ಧೆ ನಡೆದ ಸುದ್ದಿ ನನ್ನ ಮೇಜಿಗೆ ಬರಲಿಲ್ಲ.

— ಸಂಪಾದಕ