ತಲೆ ಸುತ್ತಿ ಬೀಳಲು ಎಂಡಾರ್ಫಿನ್ ಕಾರಣವೇ?

ಹಾಸನಾಂಬೆ ದರ್ಶನದ ಸಾಲಿನಲ್ಲಿ ನಿಂತು ನಿಮ್ಮ ಅಕ್ಕ ಪ್ರಜ್ಞೆ ತಪ್ಪಿದ್ದಕ್ಕೆ ಎಂಡಾರ್ಫಿನ್ (ನೋವು ತಗ್ಗಿಸಲು ದೇಹವೇ ತಯಾರಿಸುವ ರಾಸಾಯನಿಕ) ಕಾರಣವಾ ಎಂದು ಕೇಳಿದ್ದೀರಿ. ತುಂಬಾ ಹೊತ್ತು ನಿಂತರೆ ರಕ್ತ ಕಾಲುಗಳಲ್ಲೇ ಉಳಿಯುತ್ತದೆ, ಹೃದಯಕ್ಕೆ ವಾಪಸ್ ಬರುವುದು ಕಡಿಮೆ. ಮೊದಲು ನರಗಳು ರಕ್ತನಾಳಗಳನ್ನು ಬಿಗಿ ಮಾಡಿ ಬಿಪಿ ಕಾಪಾಡುತ್ತವೆ. ಆಮೇಲೆ ಇದ್ದಕ್ಕಿದ್ದಂತೆ ಆ ಬಿಗಿ ಸಡಿಲವಾಗುತ್ತದೆ, ನಾಡಿಯೂ ನಿಧಾನವಾಗುತ್ತದೆ. ಮಿದುಳಿಗೆ ರಕ್ತ ಸಾಲುವುದಿಲ್ಲ.

ಇಂಥ ಹೊತ್ತಿನಲ್ಲಿ ರಕ್ತದಲ್ಲಿ ಬೀಟಾ ಎಂಡಾರ್ಫಿನ್ ಎಂಬ ಬಗೆಯ ಎಂಡಾರ್ಫಿನ್ ಏರುವುದು ನಿಜ. ರಕ್ತ ಕಳೆದುಕೊಂಡ ಪ್ರಾಣಿಗಳಿಗೆ ಓಪಿಯಾಯ್ಡ್‌ಗಳ (ಎಂಡಾರ್ಫಿನ್, ಮಾರ್ಫಿನ್ ಥರದ ವಸ್ತುಗಳ) ಕೆಲಸ ತಡೆಯುವ ನಲೋಕ್ಸೋನ್ ಎಂಬ ಔಷಧಿ ಕೊಟ್ಟಾಗ ಬಿಪಿ ಅಷ್ಟು ಬೇಗ ಕುಸಿಯಲಿಲ್ಲ. ಆದರೆ ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಅದರಿಂದ ಅಂಥ ಉಪಯೋಗ ಕಾಣಲಿಲ್ಲ. ಹಾಗಾಗಿ ಎಂಡಾರ್ಫಿನ್ನೇ ಕಾರಣ ಎಂದರೆ ನಾನು ಒಪ್ಪುವುದಿಲ್ಲ.

ಕಣ್ಣು ಮಂಜಾದರೆ ಅಕ್ಕ ಸಂಕೋಚಪಡದೆ ಅಲ್ಲೇ ಮಲಗಿ ಕಾಲು ಎತ್ತಿಡಲಿ. ಮತ್ತೆ ಮತ್ತೆ ಆದರೆ ಡಾಕ್ಟರಿಗೆ ತೋರಿಸಿ, ಇಸಿಜಿ ಮಾಡಿಸಿ.